ಕುರುವಾಯಿಯ ಕಿಣ್ವ

ಕುರುವಾಯಿ ದುಂಬಿಯನ್ನು ಕತ್ತರಿಸುವ ಮೊದಲು ಮಂಜುಗಡ್ಡೆಯ ಮೇಲೆ ಇಡಬೇಕು. ಐದು ನಿಮಿಷದಲ್ಲಿ ಅದು ಕಾಲಾಡಿಸುವುದನ್ನು ನಿಲ್ಲಿಸುತ್ತದೆ. ಆಮೇಲೆ ಮೇಲಿನ ಗಟ್ಟಿ ರೆಕ್ಕೆಗಳನ್ನು ತೆಗೆದು, ಎದೆಯ ಚಿಪ್ಪನ್ನು ಸಣ್ಣ ಕತ್ತರಿಯಿಂದ ಬಿಡಿಸಿ, ಒಳಗಿರುವ ಕಂದು ಬಣ್ಣದ ಸ್ನಾಯುವನ್ನು ಚಿಮುಟದಿಂದ ಎತ್ತಿ ತಣ್ಣನೆಯ ಬೀಕರಿಗೆ ಹಾಕಬೇಕು. ಒಂದು ದುಂಬಿಗೆ ಒಂದು ಚಿಟಿಕೆ ಸಿಕ್ಕಿದರೆ ಹೆಚ್ಚು. ಐದು ಮಳೆಗಾಲ ನಾನು ಈ ಕೆಲಸ ಮಾಡಿದ್ದೇನೆ. ಕೇಳಿದವರು ಮೂಗು ಮುರಿಯುತ್ತಿದ್ದರು. "ಇಷ್ಟು ಓದಿದ್ದು ಇದಕ್ಕಾ ಮಾರಾಯ್ತಿ?" ಎಂದು ಅಮ್ಮನೇ ನಗುತ್ತಿದ್ದಳು.

ಕುರುವಾಯಿಯೆಂದರೆ ತೆಂಗಿನ ಸುಳಿ ಕೊರೆಯುವ, ಮೂಗಿನ ಮೇಲೆ ಕೊಂಬಿರುವ ಕಪ್ಪು ದುಂಬಿ. ತೆಂಗು ಇರುವವರಿಗೆಲ್ಲ ಅದರ ಮೇಲೆ ಸಿಟ್ಟು. ಹಾಗಾಗಿ ನನಗೆ ದುಂಬಿಗಳ ಕೊರತೆ ಇರಲಿಲ್ಲ, ಕೊಲ್ಲುವುದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಬೆಳುವಾಯಿಯ ಒಬ್ಬ ರೈತರು ಮರದ ಸುಳಿಯಿಂದ ಕಬ್ಬಿಣದ ಕೊಕ್ಕೆ ಹಾಕಿ ಎಳೆದದ್ದನ್ನು, ಗೊಬ್ಬರದ ಗುಂಡಿಯಲ್ಲಿ ಹೆಕ್ಕಿದ್ದನ್ನು ತೂತು ಮಾಡಿದ ಡಬ್ಬಿಯಲ್ಲಿ ತುಂಬಿಸಿಡುತ್ತಿದ್ದರು. ಕೊಕ್ಕೆ ಚುಚ್ಚಿದವು ನನಗೆ ಆಗುತ್ತಿರಲಿಲ್ಲ. ಅದನ್ನು ಅವರಿಗೆ ಮನವರಿಕೆ ಮಾಡುವುದರಲ್ಲೇ ಮೊದಲ ವರ್ಷ ಕಳೆಯಿತು.

ನಾನು ಮೂಡಬಿದಿರೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮನೆ ನರಿಕೊಂಬಿನಲ್ಲಿ. ಬೆಳಿಗ್ಗೆ ಬಿ.ಸಿ.ರೋಡಿಗೆ ಬಂದು, ಸಿದ್ದಕಟ್ಟೆಯ ಮೇಲೆ ಹೋಗುವ ಬಸ್ಸು ಹಿಡಿದು, ಪಾಠ ಮುಗಿದ ಮೇಲೆ ಸಂಜೆ ಆರರವರೆಗೆ ಪಿಎಚ್.ಡಿ. ಕೆಲಸ ಮಾಡುವುದು ನನ್ನ ದಿನಚರಿಯಾಗಿತ್ತು. ನನ್ನ ವಿಷಯ ಒಂದು ಕಿಣ್ವ. ದುಂಬಿ ಹಾರುವಾಗ ಎದೆಯ ಸ್ನಾಯು ಸೆಕೆಂಡಿಗೆ ಹತ್ತಾರು ಸಲ ಬಡಿಯುತ್ತದೆ. ಅದಕ್ಕೆ ಬೇಕಾದ ಶಕ್ತಿ ಎಟಿಪಿ ಎಂಬ ಅಣುವಿನಿಂದ ಬರುತ್ತದೆ, ಮತ್ತು ಅದು ಬೇಗ ಖಾಲಿಯಾಗುತ್ತದೆ. ಖಾಲಿಯಾದ ಕೂಡಲೇ ತುಂಬಿಕೊಳ್ಳಲು ಕೀಟಗಳು ಸ್ವಲ್ಪ ಶಕ್ತಿಯನ್ನು ಬೇರೆ ರೂಪದಲ್ಲಿ ಪಕ್ಕದಲ್ಲಿಟ್ಟುಕೊಂಡಿರುತ್ತವೆ, ಬಾವಿ ಇದ್ದರೂ ಕೈಗೆಟಕುವಲ್ಲಿ ಒಂದು ಕೊಡಪಾನ ನೀರು ತುಂಬಿಸಿಟ್ಟ ಹಾಗೆ. ಆ ಕೊಡಪಾನಕ್ಕೆ ತುಂಬಿಸುವ, ಅದರಿಂದ ಮೊಗೆದು ಕೊಡುವ ಕಿಣ್ವದ ಹೆಸರು ಆರ್ಜಿನೈನ್ ಕೈನೇಸ್. ಅದನ್ನು ಕುರುವಾಯಿಯ ಸ್ನಾಯುವಿನಿಂದ ಶುದ್ಧವಾಗಿ ಬೇರ್ಪಡಿಸಿ, ಅದರ ಗುಣಗಳನ್ನು ಅಳೆಯಬೇಕಿತ್ತು. ಎಷ್ಟು ತೂಕದ್ದು, ಯಾವ ಬಿಸಿಯಲ್ಲಿ ಚುರುಕು, ಯಾವುದು ತಾಗಿದರೆ ಸಾಯುತ್ತದೆ.

ಬೇರ್ಪಡಿಸುವುದೆಂದರೆ ಮೊದಲಿನಿಂದ ಕೊನೆಯವರೆಗೆ ಚಳಿಯ ಕೆಲಸ. ಸ್ನಾಯುವನ್ನು ತಣ್ಣನೆಯ ದ್ರಾವಣದಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ತಿಳಿಗೆ ಒಂದು ಬಗೆಯ ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಬೇಡದ ಪ್ರೋಟೀನುಗಳು ಒಂದೊಂದಾಗಿ ತಳ ಸೇರುತ್ತವೆ. ಉಳಿದದ್ದನ್ನು ಉದ್ದ ಗಾಜಿನ ಕೊಳವೆಯಲ್ಲಿ ಇಳಿಸಿ, ಹನಿ ಹನಿಯಾಗಿ ಟೆಸ್ಟ್ ಟ್ಯೂಬುಗಳಲ್ಲಿ ಹಿಡಿಯಬೇಕು. ಯಾವ ಟ್ಯೂಬಿನಲ್ಲಿ ಕಿಣ್ವ ಇದೆಯೆಂದು ಬಣ್ಣದಿಂದ ತಿಳಿಯುತ್ತದೆ. ನೇರಳೆ ಬಣ್ಣದ ಪರೀಕ್ಷಾ ದ್ರಾವಣಕ್ಕೆ ಒಂದು ಹನಿ ಹಾಕಿದರೆ, ಕಿಣ್ವ ಬದುಕಿದ್ದರೆ ಅದು ಹಳದಿಗೆ ತಿರುಗುತ್ತದೆ. ಸತ್ತಿದ್ದರೆ ನೇರಳೆ ನೇರಳೆಯಾಗಿಯೇ ಉಳಿಯುತ್ತದೆ. ಇಷ್ಟು ಗೊತ್ತಿದ್ದರೆ ಮುಂದಿನ ಕತೆಗೆ ಸಾಕು.

ಇನ್ನೊಂದು ವಿಷಯ ಉಂಟು. ಈ ಕಿಣ್ವ ಗಾಳಿ ತಾಗಿದರೆ ಮೆಲ್ಲ ಮೆಲ್ಲ ಕೆಡುತ್ತದೆ. ಕೆಡದಿರಲು ಪ್ರತಿ ದ್ರಾವಣಕ್ಕೂ ಮರ್ಕಾಪ್ಟೋಎಥನಾಲ್ ಎಂಬುದನ್ನು ನಾಲ್ಕು ಹನಿ ಹಾಕಬೇಕು. ಕೊಳೆತ ಮೊಟ್ಟೆಗಿಂತ ಕೆಟ್ಟ ವಾಸನೆ ಅದರದ್ದು. ನಮ್ಮ ಲ್ಯಾಬಿನ ಅಟೆಂಡರ್ ಅದಕ್ಕೆ ನಾತದ ಬಾಟ್ಲಿ ಎಂದು ಹೆಸರಿಟ್ಟಿದ್ದರು. ಹಾಕಿದ ಕೂಡಲೇ ನೋಟ್ ಪುಸ್ತಕದಲ್ಲಿ ಅದರ ಎದುರು ಒಂದು ಗುರುತು ಹಾಕುವುದು ನನ್ನ ಕ್ರಮ.

ಅಟೆಂಡರರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಇಬ್ಬರದ್ದೂ ಮನೆಮಾತು ತುಳುವಾದರೂ ಕಾಲೇಜಿನೊಳಗೆ ಕನ್ನಡವೇ ರೂಢಿ. ವಯಸ್ಸು ಐವತ್ತು ದಾಟಿತ್ತು. ಬೆಳ್ತಂಗಡಿಯ ಒಳಗಿನ ಹಳ್ಳಿಯವರು, ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದರು. ಹದಿನೇಳು ವರ್ಷದಿಂದ ಇಲ್ಲಿದ್ದರೂ ಅವರದ್ದು ಕಾಯಂ ಕೆಲಸವಲ್ಲ, ಪ್ರತಿ ಮೇ ತಿಂಗಳಲ್ಲಿ ನವೀಕರಣವಾಗಬೇಕು. ಅವರು ತೊಳೆದ ಗಾಜಿನಲ್ಲಿ ನೀರು ಹನಿ ನಿಲ್ಲದೆ ಜಾರುತ್ತಿತ್ತು. ಅರ್ಧ ಪ್ರಯೋಗ ಅದರಲ್ಲೇ ಗೆದ್ದ ಹಾಗೆ. ಬೆಳುವಾಯಿಯಿಂದ ದುಂಬಿ ತರುತ್ತಿದ್ದವರೂ ಅವರೇ, ಸ್ಕೂಟರಿನ ಮುಂದೆ ಡಬ್ಬಿ ಇಟ್ಟುಕೊಂಡು. "ದಾರಿಯಲ್ಲಿ ಎಲ್ಲ ಮಾತಾಡ್ತಾ ಬಂದವು ಮೇಡಂ, ಈಗ ಸುಮ್ಮನಾದವು" ಎನ್ನುತ್ತಿದ್ದರು.

ನಾಲ್ಕನೇ ವರ್ಷದ ಆಗಸ್ಟಿನಲ್ಲಿ ಅಮ್ಮ ತೀರಿಕೊಂಡಳು. ಜ್ವರ ಎಂದು ಆಸ್ಪತ್ರೆಗೆ ಸೇರಿಸಿ ಒಂಬತ್ತು ದಿನ. ನಾನು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದೆ, ಚಹಾ ಕೊಟ್ಟೆ, ನನ್ನ ಒಡಹುಟ್ಟಿದ ಅಣ್ಣ, ಅತ್ತಿಗೆಯರ ಜೊತೆ ಹದಿಮೂರನೆಯ ದಿನದ ಉತ್ತರಕ್ರಿಯೆಯಾದ ಬೊಜ್ಜದ ಅಡುಗೆಗೆ ಪಟ್ಟಿ ಬರೆದೆ. ಹೆಂಗಸರು ನನ್ನ ಕೈ ಹಿಡಿದು, "ಒಮ್ಮೆ ಅತ್ತುಬಿಡು" ಎಂದು ಹೇಳಿದರು. ಅಳು ಬಾರದಿದ್ದರೆ ಏನು ಮಾಡುವುದು? ದುಃಖ ಇರಲಿಲ್ಲವೆಂದಲ್ಲ. ದುಃಖ ಇದೆಯೆಂದು ನನಗೆ ಗೊತ್ತಿತ್ತು, ಆದರೆ ಅದು ಪಕ್ಕದ ಮನೆಯಲ್ಲಿ ನಡೆಯುತ್ತಿದ್ದ ಹಾಗೆ ಇತ್ತು.

ಬೊಜ್ಜ ಮುಗಿದ ಮೂರನೇ ದಿನ ಲ್ಯಾಬಿಗೆ ಬಂದೆ. ಕೆಲಸ ಮಾಡಿದರೆ ಸರಿಯಾಗ್ತದೆ ಎಂದು ಎಲ್ಲರೂ ಹೇಳಿದ್ದರು. ಸರಿಯಾಗಲಿಲ್ಲ, ಆದರೆ ಕೆಲಸ ಚೆನ್ನಾಗಿ ಸಾಗಿತು. ಗಂಟೆಗಟ್ಟಲೆ ಮಂಜುಗಡ್ಡೆಯೊಳಗೆ ಬೆರಳು ಇಟ್ಟುಕೊಂಡು ಕೂರುವುದು ನನಗೆ ಕಷ್ಟವೆನಿಸುತ್ತಲೇ ಇರಲಿಲ್ಲ. ಎರಡು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ದುಂಬಿಗಳನ್ನು ಬಿಡಿಸಿದೆ. ಅಣ್ಣ ಬೆಳಿಗ್ಗೆ ಮಂಜುಗಡ್ಡೆ ತುಂಬಿಸಿಟ್ಟು, ಮಧ್ಯಾಹ್ನ ನಾನು ಊಟಕ್ಕೆ ಎದ್ದೆನೋ ಇಲ್ಲವೋ ಎಂದು ಬಾಗಿಲಿನಿಂದ ಇಣುಕಿ ನೋಡುತ್ತಿದ್ದರು. ಎದ್ದಿರದಿದ್ದರೆ ಟೇಬಲ್ಲಿನ ತುದಿಯಲ್ಲಿ ಎರಡು ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು.

ಅಕ್ಟೋಬರಿನ ಒಂದು ಬುಧವಾರ ಕಿಣ್ವ ಶುದ್ಧವಾಗಿ ಸಿಕ್ಕಿತು. ಪ್ರೋಟೀನುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್ಲಿನ ಮೇಲೆ ಒಂದೇ ಒಂದು ನೀಲಿ ಗೆರೆ. ನಾಲ್ಕು ವರ್ಷದಲ್ಲಿ ಅಷ್ಟು ಸ್ವಚ್ಛವಾದದ್ದು ಬಂದಿರಲಿಲ್ಲ. ಬಣ್ಣದ ಪರೀಕ್ಷೆ ಒಂದು ನಿಮಿಷದೊಳಗೆ ಹಳದಿಯಾಯಿತು. "ಆಯ್ತಲ್ಲ ಮೇಡಂ" ಎಂದು ಅಣ್ಣ ನನಗಿಂತ ಹೆಚ್ಚು ಸಂತೋಷಪಟ್ಟರು. ಉಳಿದ ಉಪ್ಪನ್ನು ತೆಗೆಯಲು ಕಿಣ್ವವನ್ನು ತೆಳ್ಳಗಿನ ಚೀಲದಂಥ ಕೊಳವೆಯಲ್ಲಿ ಕಟ್ಟಿ, ಎರಡು ಲೀಟರ್ ಹೊಸ ದ್ರಾವಣದಲ್ಲಿ ಮುಳುಗಿಸಿ, ಗಾಜಿನ ಬಾಗಿಲಿನ ದೊಡ್ಡ ಫ್ರಿಜ್ಜಿನಲ್ಲಿಟ್ಟೆ. ಗುರುವಾರ ಬೆಳಿಗ್ಗೆ ದ್ರಾವಣ ಬದಲಿಸಿದೆ. ಸಂಜೆ ಚೀಲದಿಂದ ಅರ್ಧ ಮಿಲಿಲೀಟರ್ ತೆಗೆದು, ಪುಟ್ಟ ಟ್ಯೂಬಿಗೆ ಹಾಕಿ, ಹೆಪ್ಪುಗಟ್ಟುವಾಗ ಕೆಡದಿರಲು ಗ್ಲಿಸರಿನ್ ಸೇರಿಸಿ, ಕೆಳಗಿನ ಮಾಳಿಗೆಯಲ್ಲಿ ಬೇರೆ ವಿಭಾಗದವರ ಡೀಪ್ ಫ್ರೀಜರಿನಲ್ಲಿಟ್ಟೆ. ಪ್ರತಿ ಹಂತದಲ್ಲೂ ಸ್ವಲ್ಪ ತೆಗೆದಿಡುವುದು ಅಭ್ಯಾಸ. ಇಟ್ಟದ್ದನ್ನು ಆಮೇಲೆ ಮರೆತೆ.

ಮರುದಿನ ಶುಕ್ರವಾರ ಆಯುಧ ಪೂಜೆ.

ನಮ್ಮ ಕಾಲೇಜಿನಲ್ಲಿ ಆಯುಧ ಪೂಜೆಯೆಂದರೆ ಅಟೆಂಡರುಗಳ ದಿನ. ಅವತ್ತು ಸೂಕ್ಷ್ಮದರ್ಶಕದಿಂದ ತಕ್ಕಡಿಯವರೆಗೆ ಎಲ್ಲವನ್ನೂ ಒರೆಸಿ, ಗಂಧ ಕುಂಕುಮ ಹಚ್ಚಿ, ಗೊಂಡೆ ಹೂವಿನ ಮಾಲೆ ಹಾಕಿ, ಅವಲಕ್ಕಿ ಪಂಚಕಜ್ಜಾಯ ಹಂಚುತ್ತಾರೆ. ಪೂಜೆ ಮಾಡಿದ ಯಂತ್ರವನ್ನು ವಿಜಯದಶಮಿ ಕಳೆಯುವವರೆಗೆ ಚಾಲೂ ಮಾಡುವ ಹಾಗಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅದಕ್ಕೂ ಒಂದು ವಿಶ್ರಾಂತಿ ಬೇಕು ಎಂಬುದು ಅಣ್ಣನ ವಾದ. ಹಿಂದಿನ ವರ್ಷಗಳಲ್ಲಿ ಅವರು ನನ್ನನ್ನು ಕೇಳುತ್ತಿದ್ದರು. "ದೊಡ್ಡ ಫ್ರಿಜ್ಜು ಒಂದು ಬಿಡಿ ಅಣ್ಣ, ಒಳಗೆ ಜೀವ ಉಂಟು" ಎಂದು ನಾನು ಹೇಳುತ್ತಿದ್ದೆ. ಅವರು ಅದಕ್ಕೆ ಚಾಲೂ ಇದ್ದ ಹಾಗೆಯೇ ಕುಂಕುಮ ಹಚ್ಚುತ್ತಿದ್ದರು.

ಆ ವರ್ಷ ನಾನು ಪೂಜೆಗೆ ಹೋಗಲಿಲ್ಲ. ಅಮ್ಮ ತೀರಿಕೊಂಡು ವರ್ಷ ತುಂಬುವವರೆಗೆ ನಮಗೆ ಹಬ್ಬವಿಲ್ಲ. ಬೇರೆಯವರ ಪೂಜೆಯಲ್ಲಿ ನಿಂತು ಅವರಿಗೂ ಮುಜುಗರ ಮಾಡುವುದು ಬೇಡವೆಂದು ಮನೆಯಲ್ಲೇ ಉಳಿದೆ. ಅಣ್ಣ ಕೇಳಬೇಕೆಂದುಕೊಂಡರಂತೆ. ಆದರೆ ತಾಯಿ ಹೋದವರಿಗೆ ಹಬ್ಬದ ದಿನ ಫೋನ್ ಮಾಡಿ ಪೂಜೆಯ ಮಾತು ಎತ್ತುವುದು ಹೇಗೆ ಎಂದು ಹಿಂಜರಿದರಂತೆ. ನಾನು ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರೂ ಸಾಕಿತ್ತು. ಅಂಟಿಸಲಿಲ್ಲ. ಬುಧವಾರವೇ ಕೆಲಸ ಆಯ್ತಲ್ಲ ಎಂದುಕೊಂಡು ಅವರು ಫ್ರಿಜ್ಜನ್ನು ಬಂದ್ ಮಾಡಿ, ಹೊರಗಿನಿಂದ ಒರೆಸಿ, ಮಾಲೆ ಹಾಕಿ ಹೋದರು.

ಸೋಮವಾರ ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗಿನಿಂದ ಬೆಚ್ಚನೆಯ ಗಾಳಿ ಬಂತು. ಚೀಲ ಬೀಕರಿನಲ್ಲಿ ಹಾಗೆಯೇ ತೇಲುತ್ತಿತ್ತು. ಪರೀಕ್ಷೆ ಮಾಡಿದೆ. ನೇರಳೆ. ಹತ್ತು ನಿಮಿಷ ಕಾದೆ. ನೇರಳೆಯೇ. ಅಣ್ಣ ನನ್ನ ಹಿಂದೆ ನಿಂತಿದ್ದರು. ಅವರಿಗೂ ಬಣ್ಣ ಓದಲು ಗೊತ್ತಿತ್ತು.

"ನಾನು ಬಂದ್ ಮಾಡಿದ್ದು ಮೇಡಂ" ಎಂದರು.

"ಆಯ್ತು" ಎಂದೆ.

ಬೈದಿದ್ದರೆ ಅವರಿಗೆ ಒಳ್ಳೆಯದಿತ್ತು. ನನಗೆ ಬೈಯುವಷ್ಟು ಶಕ್ತಿ ಇರಲಿಲ್ಲ, ಸಿಟ್ಟೂ ಬಂದಿರಲಿಲ್ಲ. ಚೀಲವನ್ನು ಬಿಚ್ಚಿ ಸಿಂಕಿಗೆ ಸುರಿದು, ಬೀಕರ್ ತೊಳೆಯಲು ಅವರ ಕೈಗೆ ಕೊಟ್ಟೆ. ಅವರು ಅದನ್ನು ತುಂಬಾ ಹೊತ್ತು ತೊಳೆದರು.

ದುಂಬಿಗಳು ಮಳೆಗಾಲದಲ್ಲಿ ಸಿಗುವಷ್ಟು ಆಮೇಲೆ ಸಿಗುವುದಿಲ್ಲ. ಮತ್ತೆ ಶುರು ಮಾಡಲು ಜೂನ್ ಬರಬೇಕು. ನನ್ನ ಪಿಎಚ್.ಡಿ.ಯ ಅವಧಿ ಡಿಸೆಂಬರಿಗೆ ಮುಗಿಯುತ್ತಿತ್ತು. ಗೈಡಿಗೆ ಫೋನ್ ಮಾಡಿದೆ. ಕಾರಣ ಬರಹದಲ್ಲಿದ್ದರೆ ವಿಶ್ವವಿದ್ಯಾಲಯ ಒಂದು ವರ್ಷ ಹೆಚ್ಚಿಗೆ ಕೊಡ್ತದೆ, ಅಟೆಂಡರರಿಂದ ಒಂದು ತಪ್ಪೊಪ್ಪಿಗೆ ಬರೆಸಿಕೊಂಡು ಪ್ರಾಂಶುಪಾಲರ ಸಹಿ ಹಾಕಿಸು ಎಂದರು. ಅಣ್ಣ ಅದೇ ದಿನ ಬರೆದುಕೊಟ್ಟರು. ಗುಂಡಾದ ಶಾಲೆಯ ಅಕ್ಷರ. ಆಯುಧ ಪೂಜೆಯ ನಿಮಿತ್ತ ಯಂತ್ರ ನಿಲ್ಲಿಸಿದೆನೆಂದು ಮಾತ್ರ ಬರೆದಿದ್ದರು. "ಅನುಮತಿ ಪಡೆಯದೆ ಅಂತ ಸೇರಿಸಿ ಅಣ್ಣ, ಇಲ್ಲದಿದ್ದರೆ ಅವರು ಒಪ್ಪುವುದಿಲ್ಲ" ಎಂದು ಹೇಳಿದ್ದು ನಾನು. ಅವರು ಒಂದು ಬಾಣದ ಗುರುತು ಹಾಕಿ, ಮೇಲೆ ಸಣ್ಣಕ್ಷರದಲ್ಲಿ ಸೇರಿಸಿದರು.

ಡಿಸೆಂಬರಿನಲ್ಲಿ ನನಗೆ ಒಂದು ವರ್ಷ ಸಿಕ್ಕಿತು. ಆ ಕಾಗದದ ಪ್ರತಿ ಕಾಲೇಜಿನ ಕಚೇರಿಯಲ್ಲಿ ಅಣ್ಣನ ಫೈಲಿಗೆ ಸೇರಿತು. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನಾನು ಯೋಚಿಸಲಿಲ್ಲ. ಯೋಚಿಸಬೇಕಾದ ಸುಮಾರು ವಿಷಯಗಳನ್ನು ಆಗ ನಾನು ಯೋಚಿಸುತ್ತಿರಲಿಲ್ಲ.

ಜನವರಿಯಲ್ಲಿ ಕೆಳಗಿನ ವಿಭಾಗದವರು ಫ್ರೀಜರ್ ಸ್ವಚ್ಛ ಮಾಡುತ್ತೇವೆ, ನಿಮ್ಮದು ಇದ್ದರೆ ತೆಗೆಯಿರಿ ಎಂದು ಹೇಳಿಕಳಿಸಿದರು. ಹೋಗಿ ನೋಡಿದರೆ ಆ ಪುಟ್ಟ ಟ್ಯೂಬು, ಮೇಲೆ ನನ್ನ ಕೈಬರಹದಲ್ಲಿ ಗುರುವಾರದ ತಾರೀಕು. ನನಗೆ ಒಂದು ಕ್ಷಣ ಆಸೆಯಾಯಿತು. ಆ ಫ್ರೀಜರನ್ನು ಯಾರೂ ಬಂದ್ ಮಾಡಿರಲಿಲ್ಲ, ಅದರ ಬೀಗದ ಕೈ ಅಣ್ಣನ ಹತ್ತಿರ ಇರಲೇ ಇಲ್ಲ. ಪೂಜೆಯ ಹಿಂದಿನ ದಿನವೇ ತೆಗೆದಿಟ್ಟ ಕಿಣ್ವ, ಬದುಕಿರಲೇಬೇಕು. ಅರ್ಧ ಮಿಲಿಲೀಟರಿನಲ್ಲಿ ಒಂದೆರಡು ಅಳತೆಯಾದರೂ ಮಾಡಬಹುದು.

ಪರೀಕ್ಷೆ ಮಾಡಿದೆ. ನೇರಳೆ ನೇರಳೆಯಾಗಿಯೇ ಉಳಿಯಿತು.

ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನೋಟ್ ಪುಸ್ತಕ ತೆಗೆದೆ. ಬುಧವಾರದ ಪುಟದಲ್ಲಿ ಹೊಸ ದ್ರಾವಣದ ಪಟ್ಟಿ ಇತ್ತು, ಎಲ್ಲದರ ಎದುರೂ ಗುರುತು ಇತ್ತು, ನಾತದ ಬಾಟ್ಲಿಯ ಎದುರು ಇರಲಿಲ್ಲ. ಗುರುವಾರದ ಪುಟದಲ್ಲೂ ಇರಲಿಲ್ಲ. ಟ್ಯೂಬಿನಲ್ಲಿ ಉಳಿದ ಸ್ವಲ್ಪಕ್ಕೆ ಆ ದ್ರವವನ್ನು ಸೇರಿಸಿ, ಮಂಜುಗಡ್ಡೆಯಲ್ಲಿ ಅರ್ಧ ಗಂಟೆ ಇಟ್ಟು, ಮತ್ತೆ ಪರೀಕ್ಷೆ ಮಾಡಿದೆ. ಈ ಸಲ ನೇರಳೆ ಮೆಲ್ಲಗೆ ಮಾಸಿ, ತೆಳು ಹಳದಿಗೆ ಬಂತು. ಪೂರ್ತಿಯಲ್ಲ, ಸ್ವಲ್ಪ. ಕಿಣ್ವ ಕೆಟ್ಟದ್ದು ಬಿಸಿಯಿಂದಲ್ಲ, ನಾಲ್ಕು ಹನಿ ಹಾಕದೆ ಇದ್ದದ್ದರಿಂದ. ಅಣ್ಣ ಫ್ರಿಜ್ಜು ಬಂದ್ ಮಾಡುವ ಹೊತ್ತಿಗೆ ಅದರೊಳಗೆ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ನಾನೇ ಕೊಂದಾಗಿತ್ತು.

ಅಣ್ಣ ಪಕ್ಕದ ಕೋಣೆಯಲ್ಲಿ ಮಕ್ಕಳ ಪ್ರಾಕ್ಟಿಕಲ್ಲಿಗೆ ಜಿರಳೆಗಳ ಟ್ರೇ ಜೋಡಿಸುತ್ತಿದ್ದರು. ಎದ್ದು ಹೋಗಿ ಹೇಳಲು ಇಪ್ಪತ್ತು ಹೆಜ್ಜೆ. ಹೇಳಿದರೆ ಕಾಗದ ಸುಳ್ಳಾಗುತ್ತದೆ, ಕಾಗದ ಸುಳ್ಳಾದರೆ ನನ್ನ ಒಂದು ವರ್ಷ ಹೋಗುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಭಯವಾಗಲಿಲ್ಲ, ಪಶ್ಚಾತ್ತಾಪವೂ ಆಗಲಿಲ್ಲ. ಜಡವಾಗಿದ್ದೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಲೆಕ್ಕ ಹಾಕುವಷ್ಟು ಚುರುಕು ನನ್ನಲ್ಲಿ ಇತ್ತಲ್ಲ. ಆ ದಿನದ ಪುಟದಲ್ಲಿ ಪರೀಕ್ಷೆಯ ಫಲಿತಾಂಶ ಬರೆದೆ. ಬೇರೆ ಏನೂ ಬರೆಯಲಿಲ್ಲ. ಟ್ಯೂಬನ್ನು ತೊಳೆಯುವ ಬುಟ್ಟಿಗೆ ಹಾಕಿದೆ.

ಮೇ ತಿಂಗಳ ಕೊನೆಯಲ್ಲಿ ಅಣ್ಣ ಬೀಗದ ಕೈಗಳ ಗೊಂಚಲು ಹಿಡಿದು ಬಂದರು.

"ಈ ವರ್ಷದ ಪಟ್ಟಿಯಲ್ಲಿ ನನ್ನ ಹೆಸರು ಇಲ್ಲವಂತೆ ಮೇಡಂ. ಫೈಲಿನಲ್ಲಿ ಆ ಕಾಗದ ಉಂಟಲ್ಲ, ಅದರಿಂದ."

"ಛೆ" ಎಂದೆ. 

"ಅವರದ್ದೂ ತಪ್ಪಲ್ಲ" ಎಂದು ಅವರು ನನಗೇ ಸಮಾಧಾನ ಹೇಳಿದರು. "ನಿಮ್ಮ ನಾಲ್ಕು ವರ್ಷ ಹಾಳಾಯ್ತಲ್ಲ ನನ್ನಿಂದ. ಅದು ನೆನಪಾದ್ರೆ ನನಗೆ ಊಟ ಇಳಿಯುವುದಿಲ್ಲ." ಆಮೇಲೆ ಅರ್ಧ ಗಂಟೆ ನಿಂತು ಎಲ್ಲಿ ಏನಿದೆಯೆಂದು ತೋರಿಸಿದರು. ಸೋಸುವ ಬಟ್ಟೆ ಯಾವ ಡ್ರಾದಲ್ಲಿ, ಗಾಜಿನ ಕೊಳವೆಯ ನಲ್ಲಿ ಸೋರಿದರೆ ಎಲ್ಲಿ ರಬ್ಬರ್ ಸುತ್ತಬೇಕು, ಯಾವ ಬೀಕರಿನ ಅಂಚು ಒಡೆದಿದೆ. ಬೆಳುವಾಯಿಯ ರೈತರಿಗೆ ಈಗಾಗಲೇ ಹೇಳಿಟ್ಟಿದ್ದೇನೆ, ಜೂನಿನಿಂದ ಡಬ್ಬಿಯನ್ನು ಬಸ್ಸಿನಲ್ಲಿ ಕಳಿಸ್ತಾರೆ ಎಂದರು. ಕೊಕ್ಕೆ ಚುಚ್ಚದ್ದು ಮಾತ್ರ ಎಂದು ಎರಡು ಸಲ ಹೇಳಿದ್ದಾರಂತೆ. ಅಷ್ಟು ಹೊತ್ತೂ ಹೇಳಲು ನನಗೆ ಸಮಯವಿತ್ತು. ನಾನು ತಲೆಯಾಡಿಸುತ್ತಾ ನಿಂತೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಎಲ್ಲವನ್ನೂ ಮತ್ತೆ ಮಾಡಿದೆ. ಗಾಜನ್ನೂ ನಾನೇ ತೊಳೆದೆ. ಹೊಸ ಅಟೆಂಡರಿಗೆ ಆ ಕೈ ಇರಲಿಲ್ಲ. ಕಿಣ್ವ ಸಿಕ್ಕಿತು, ಒಂದೇ ನೀಲಿ ಗೆರೆ. ತೂಕ ಅಳೆದೆ, ಬಿಸಿ ಅಳೆದೆ, ಆಮ್ಲ ಕ್ಷಾರದ ಮಿತಿ ಅಳೆದೆ. ಎಲ್ಲ ಪುಸ್ತಕದಲ್ಲಿರುವ ಹಾಗೆಯೇ ಬಂತು, ಸ್ವಲ್ಪ ಆಚೀಚೆ. ಆದರೆ ಪ್ರಬಂಧದಲ್ಲಿ ಒಂದು ಪ್ಯಾರಾ ನನ್ನದೇ ಆಗಿತ್ತು. ಮರ್ಕಾಪ್ಟೋಎಥನಾಲ್ ಇಲ್ಲದೆ ಈ ದುಂಬಿಯ ಕಿಣ್ವ ಒಂದೇ ದಿನದಲ್ಲಿ ಚಟುವಟಿಕೆ ಕಳೆದುಕೊಳ್ಳುತ್ತದೆ, ಮತ್ತೆ ಸೇರಿಸಿದರೆ ಸ್ವಲ್ಪ ಮಟ್ಟಿಗೆ ಮರಳುತ್ತದೆ. ಜನವರಿಯ ಆ ಟ್ಯೂಬಿನಿಂದ ಹೊಳೆದದ್ದನ್ನು ನಾನು ಕ್ರಮವಾಗಿ ಮತ್ತೆ ಮಾಡಿ, ಕೋಷ್ಟಕ ಹಾಕಿ, ನಾಲ್ಕನೇ ಅಧ್ಯಾಯದಲ್ಲಿ ಸೇರಿಸಿದ್ದೆ.

ಮುಂದಿನ ವರ್ಷ ಆಗಸ್ಟಿನಲ್ಲಿ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವುತ್ತಾ ಆ ಕೋಷ್ಟಕದ ಹತ್ತಿರ ನಿಂತರು. "ಇದು ಚೆನ್ನಾಗಿದೆ. ಇದನ್ನು ನೋಡಬೇಕೆಂದು ಹೇಗೆ ಹೊಳೆಯಿತು?" ಎಂದು ಕೇಳಿದರು.

"ಒಂದು ಸ್ಯಾಂಪಲ್ ಆಕಸ್ಮಿಕವಾಗಿ ಹಾಗೆ ಉಳಿದಿತ್ತು, ಸರ್."

"ಆಕಸ್ಮಿಕಗಳನ್ನು ಗಮನಿಸುವುದೇ ದೊಡ್ಡದು" ಎಂದು ಅವರು ಹೇಳಿದರು. ಗೈಡರ ಮುಖ ಅರಳಿತು. ಚಪ್ಪಾಳೆ ಬಿತ್ತು, ಕಾಜೂ ಬರ್ಫಿ ಹಂಚಿದರು. ಬರ್ಫಿಯೊಂದನ್ನು ಬಾಯಲ್ಲಿಟ್ಟುಕೊಂಡೆ. ಎರಡು ವರ್ಷದ ಮೇಲೆ ಮೊದಲ ಬಾರಿ ನನಗೆ ಸರಿಯಾಗಿ ಏನೋ ತಾಗಿತು, ಮತ್ತು ಅದು ಅಮ್ಮನ ನೆನಪಲ್ಲ. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಹೊರಗಿನ ನಲ್ಲಿಯ ಹತ್ತಿರ ಹೋಗಿ ಉಗುಳಿದೆ.

ಆ ವಾರವೇ ಬಿ.ಸಿ.ರೋಡಿನಿಂದ ಬೆಳ್ತಂಗಡಿಯ ಬಸ್ಸು ಹತ್ತಿದೆ. ಅಣ್ಣ ಧರ್ಮಸ್ಥಳದ ಒಂದು ಲಾಡ್ಜಿನಲ್ಲಿ ರೂಮುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆಂದು ಕೇಳಿದ್ದೆ. ಬುಧವಾರ ರಜೆ, ಮನೆಯಲ್ಲಿರುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದರು. ಯಾಕೆ ಬರುತ್ತೀರೆಂದು ಕೇಳಿರಲಿಲ್ಲ.

ಮನೆಯ ಹಿಂದೆ ಸ್ವಲ್ಪ ರಬ್ಬರ್ ಮರಗಳಿದ್ದವು. ನಾನು ಅಂಗಳ ತಲುಪುವಾಗ ಅವರು ಟ್ರೇಗಳಲ್ಲಿ ಸೋಸಿಟ್ಟ ರಬ್ಬರ್ ಹಾಲಿಗೆ ಆಸಿಡ್ ಹಾಕುತ್ತಿದ್ದರು, ಲ್ಯಾಬಿನಲ್ಲಿ ಹಾಕುವಂತೆಯೇ ಅಳತೆಯ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು. ತೆಳ್ಳಗಾಗಿದ್ದರು. ಅವರ ಹೆಂಡತಿ ಒಳಗಿನಿಂದ ಬಂದು, ಸೆರಗಿಗೆ ಕೈ ಒರೆಸುತ್ತಾ ತುಳುವಿನಲ್ಲಿ ಮೊದಲು ಕೇಳಿದ್ದೇ, "ಪಾಸ್ ಆಂಡಾ?" ಎಂದು. ನಾನು ಹೌದೆಂದೆ. ಅವರ ಮುಖ ಬೆಳಗಿತು. ಇವರು ನಿಮ್ಮ ಕೆಲಸ ಹಾಳು ಮಾಡಿದರೆಂದು ನನಗೆ ಎಷ್ಟು ಬೇಸರವಿತ್ತು ಗೊತ್ತುಂಟಾ ಎಂದರು. ತಾಯಿ ಇಲ್ಲದ ಹುಡುಗಿಯ ಓದು ಪೂರ್ತಿಯಾಗಲಿ ಎಂದು ಇಬ್ಬರೂ ದೇವರಿಗೆ ಹರಕೆ ಹೇಳಿಕೊಂಡಿದ್ದರಂತೆ. ಅದನ್ನು ತೀರಿಸಬೇಕು, ಮುಂದಿನ ವಾರವೇ ಹೋಗುವ ಎಂದು ಗಂಡನಿಗೆ ಹೇಳಿ, ಚಹಾ ಮಾಡಲು ಒಳಗೆ ಹೋದರು. ನನಗೆ ನಲವತ್ತು ಹತ್ತಿರವಾಗುತ್ತಿತ್ತು. ಹುಡುಗಿ ಎಂದು ಯಾರೂ ಕರೆಯದೆ ಎರಡು ವರ್ಷವಾಗಿತ್ತು.

ಅಂಗಳದಲ್ಲಿ ನಿಂತೇ ಅಣ್ಣನಿಗೆ ಹೇಳಿದೆ. ಕೆಳಗಿನ ಫ್ರೀಜರಿನ ಟ್ಯೂಬು, ಗುರುತು ಇಲ್ಲದ ಎರಡು ಪುಟ, ನಾತದ ಬಾಟ್ಲಿ, ಮರಳಿ ಬಂದ ತೆಳು ಹಳದಿ. ಕ್ರಮವಾಗಿ, ಒಂದೂ ಬಿಡದೆ ಹೇಳಿದೆ. ಅವರಿಗೆ ಪ್ರತಿಯೊಂದೂ ಅರ್ಥವಾಯಿತು. ಅರ್ಥವಾಗುತ್ತಿದ್ದದ್ದು ಅವರ ಮುಖದಲ್ಲಿ ಕಾಣುತ್ತಿತ್ತು. ಅಳತೆಯ ಗಾಜನ್ನು ಕೆಳಗಿಟ್ಟರು.

"ಇದು ಯಾವಾಗ ಗೊತ್ತಾದದ್ದು ಮೇಡಂ?"

"ಜನವರಿಯಲ್ಲಿ."

"ಯಾವ ಜನವರಿ?"

"ನೀವು ಇರುವಾಗಿನ ಜನವರಿ."

"ನನ್ನನ್ನು ಕೆಲಸದಿಂದ ತೆಗೆದದ್ದು ಮೇಯಲ್ಲಿ" ಎಂದರು.

"ಹೌದು."

ಅವರು ಟ್ರೇಯಲ್ಲಿ ರಬ್ಬರ್ ಹಾಲು ಗಟ್ಟಿಯಾಗುವುದನ್ನು ನೋಡುತ್ತಾ ನಿಂತರು. ಕಾಲೇಜಿಗೆ ಎಲ್ಲ ಬರೆದುಕೊಡುತ್ತೇನೆ, ವಿಶ್ವವಿದ್ಯಾಲಯಕ್ಕೂ ಬರೆಯುತ್ತೇನೆ ಎಂದೆ. ಬೇಡ ಎನ್ನುತ್ತಾರೆಂದು ನನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿ ಆಸೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

"ಬರೆಯಿರಿ" ಎಂದರು. "ಅದಕ್ಕೆ ಮೊದಲು ಒಳಗೆ ಬಂದು ಅವಳಿಗೆ ಹೇಳಿ. ನಾನು ಹೇಳಿದ್ರೆ, ನನ್ನ ತಪ್ಪು ಮುಚ್ಚಲಿಕ್ಕೆ ಹೇಳುವುದು ಅಂತ ತಿಳಿದಾಳು. ತಾಯಿ ಇಲ್ಲದ ಹುಡುಗಿಯ ಓದು ಕೆಡಿಸಿದ ಕೈ ಅಂತ ಎರಡು ವರ್ಷದಿಂದ ಅವಳು ನನ್ನ ಕೈಯಲ್ಲಿ ದೇವರಿಗೆ ಒಂದು ದೀಪ ಹಚ್ಚಿಸಿದ್ದಿಲ್ಲ."

ಅಡುಗೆಮನೆಯಲ್ಲಿ ಅವರ ಹೆಂಡತಿ ಲೋಟಗಳನ್ನು ಜೋಡಿಸುತ್ತಿದ್ದರು. ಅಂಗಳದಲ್ಲಿ ಹೇಳಿದ್ದು ಯಾವುದೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಕಿಣ್ವ, ದ್ರಾವಣ, ಟ್ಯೂಬು ಎಂದು ಶುರು ಮಾಡಿದೆ, ಅವರು ಕಣ್ಣು ಸಣ್ಣಗೆ ಮಾಡಿ ಗಂಡನ ಕಡೆ ನೋಡಿದರು. ನಾನು ನಿಲ್ಲಿಸಿದೆ. ತುಳುವಿನಲ್ಲಿ, "ಅಕ್ಕ, ಎನ್ನ ತಪ್ಪು, ಆರೆನ ಅತ್ತ್" ಎಂದೆ, ತಪ್ಪು ನನ್ನದು, ಇವರದ್ದಲ್ಲ ಎಂದು. ಇವರು ಯಂತ್ರ ಬಂದ್ ಮಾಡುವ ಮೊದಲೇ ನಾನು ಅದನ್ನು ಹಾಳು ಮಾಡಿದ್ದೆ, ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ, ಅದರಿಂದ ಇವರ ಕೆಲಸ ಹೋಯಿತು.

ಅಕ್ಕ ಒಲೆಯನ್ನು ಸಣ್ಣ ಮಾಡಿ, ಗಂಡನ ಎದುರು ಹೋಗಿ ನಿಂತು, ಮೆಲ್ಲಗೆ ಕೇಳಿದರು. ಹಾಗಾದರೆ ಅದು ನಿಮ್ಮ ಕೈಯಿಂದ ಆದದ್ದಲ್ಲವಾ?

ಅಣ್ಣ ಅಲ್ಲವೆಂದು ತಲೆಯಾಡಿಸಿದರು. ಆಮೇಲೆ ಹೊಸ್ತಿಲ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಕೆಲಸ ಹೋದ ದಿನ ನನ್ನೆದುರು ನಿಂತು ಬಟ್ಟೆಯ ಡ್ರಾ ತೋರಿಸಿದ ಮನುಷ್ಯ. ಹೆಂಡತಿ ಅವರ ತಲೆಯ ಮೇಲೆ ಕೈಯಿಟ್ಟು ನಿಂತರು. ನನಗೆ ಆಗಲೂ ಅಳು ಬರಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿತ್ತು, ಎಲ್ಲಿ ನೋಡಬೇಕೆಂದು ತಿಳಿಯದೆ ಕುದಿಯುವ ಚಹಾವನ್ನು ನೋಡುತ್ತಾ ನಿಂತೆ.

ಸ್ವಲ್ಪ ಹೊತ್ತಿನ ಮೇಲೆ ಅವರು ಮುಖ ಒರೆಸಿಕೊಂಡರು.

"ನೀವು ಈಗ ಹೋಗಿ ಮೇಡಂ" ಎಂದರು. "ಸಿಟ್ಟಿನಿಂದ ಹೇಳುವುದಲ್ಲ. ಇವಳ ಹತ್ತಿರ ನನಗೆ ಸ್ವಲ್ಪ ಮಾತಾಡ್ಲಿಕ್ಕುಂಟು."

ನಾನು ಚಪ್ಪಲಿ ಮೆಟ್ಟಿ ಅಂಗಳ ಇಳಿದೆ. ನಮ್ಮ ಕಡೆ ಬಂದವರನ್ನು ಬಸ್ಸು ಹತ್ತಿಸಿ ಬರುವುದು ಕ್ರಮ. ಅವತ್ತು ಯಾರೂ ಹಿಂದೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.